ಬಾಗಿಲಪದದ ಮೂರನೆಯ ಸಾಲು

ಭಾಲ್ಕಿಯ ಪೇಟೆಯಲ್ಲಿ ಕಾಳು ಅಳೆದು ಕೊಡುವ ಬಕ್ಕಪ್ಪನಿಗೆ ಒಂದು ಚಾಳಿ ಇತ್ತು. ಯಾರೇ ಮಾಪು ತಂದು ಮುಂದಿಟ್ಟರೂ ಮೊದಲು ಅದನ್ನು ಬೋರಲು ಹಾಕಿ ತಳಕ್ಕೆ ಎರಡು ಪೆಟ್ಟು ಕೊಡುತ್ತಿದ್ದ. ಆಮೇಲೆ ಒಳಗೆ ಕೈ ಇಳಿಸಿ ಎಲ್ಲಾದರೂ ಮೇಣ ಮೆತ್ತಿದ್ದಾರೇನೋ ಎಂದು ಸುತ್ತಲೂ ಸವರುತ್ತಿದ್ದ. ಪೇಟೆಯಲ್ಲಿ ಇದು ಸರಿಯೇ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಈ ಮಹಾರಾಯ ಮನೆಯಲ್ಲಿ ಹೆಂಡತಿ ಮಜ್ಜಿಗೆ ಕೊಟ್ಟರೂ ತಂಬಿಗೆಯೊಳಗೆ ಒಮ್ಮೆ ಇಣುಕಿಯೇ ಕುಡಿಯುವನು. ನಿನ್ನ ರುಮಾಲು ಚೆನ್ನಾಗಿದೆ ಎಂದು ಯಾರಾದರೂ ಅಂದರೆ ಮುಗಿಯಿತು, ಅವತ್ತೆಲ್ಲ ಅವನಿಗೆ ಊಟ ರುಚಿಸದು. ಅವನು ಯಾಕೆ ಹಾಗಂದ, ಅವನಿಗೆ ನನ್ನಿಂದ ಏನಾಗಬೇಕಿದೆ ಎಂದು ಲೆಕ್ಕ ಹಾಕುತ್ತ ಕೂಡುವನು.

ಇಂಥವನ ಹತ್ತಿರ ಒಂದು ಹಾಡಿತ್ತು. ಅದೇ ಅವನ ಪ್ರಾಣ.

ಆ ಕಡೆ ಯಾರ ಮನೆಯಲ್ಲಾದರೂ ಭಜನೆ ನಡೆದರೆ, ಬೆಳಗಿನ ಜಾವ ಎಲ್ಲರೂ ಎದ್ದು ಹೊರಡುವಾಗ ಹೊಸ್ತಿಲ ಹತ್ತಿರ ನಿಂತು ಕೊನೆಯ ಹಾಡು ಹೇಳುತ್ತಿದ್ದರು. ಅದಕ್ಕೆ ಬಾಗಿಲಪದ ಅನ್ನುತ್ತಿದ್ದರು. ಐದು ಸಾಲು, ಮಾತು ಎಲ್ಲರಿಗೂ ಬಾಯಿಪಾಠ. ಆದರೆ ಅದರ ಧಾಟಿ ಮಾತ್ರ ಬಕ್ಕಪ್ಪನ ಮನೆತನದ್ದು. ತಲೆಮಾರಿಗೆ ಒಬ್ಬನಿಗೇ ಕೊಡಬೇಕು, ಎರಡನೆಯವನಿಗಿಲ್ಲ. ಅವನ ತಂದೆ ಹಾವಗೆಪ್ಪ ಸಾಯುವ ಮುಂಚೆ ಮಗನಿಗೆ ಅದನ್ನು ಕೊಟ್ಟ, ಜೊತೆಗೆ ಇನ್ನೊಂದನ್ನೂ ಕೊಟ್ಟ: ಕಳ್ಳಹೆಜ್ಜೆ. ಹೊರಗಿನವರು ಕೂತಿದ್ದಾಗ ಮೂರನೆಯ ಸಾಲಿನ ತಿರುವಿನಲ್ಲಿ ಬೇಕೆಂತಲೇ ಒಂದು ಸ್ವರ ನುಂಗಿ ಮುಂದೆ ಹೋಗಬೇಕು. ಕದಿಯಲು ಬಂದವನು ತಪ್ಪನ್ನೇ ಕದ್ದುಕೊಂಡು ಹೋಗಲಿ ಎಂಬುದು ಹಿರಿಯರ ಉಪಾಯ.

ಹಾವಗೆಪ್ಪನಿಗೆ ಒಂದೇ ಕಳ್ಳಹೆಜ್ಜೆ ಸಾಕಾಗಿತ್ತು. ಮಗನಿಗೆ ಸಾಕಾಗಲಿಲ್ಲ. ಉದಗೀರದ ಭಜನೆಯವರು ಬಂದರೆ ಅವರಿಗೊಂದು, ಮಠದಲ್ಲಿ ಹಾಡುವಾಗ ಇನ್ನೊಂದು, ಬೀಗರ ಮುಂದೆ ಮತ್ತೊಂದು ಎಂದು ಆ ಒಂದೇ ತಿರುವಿಗೆ ಬೇರೆ ಬೇರೆ ಹೆಜ್ಜೆ ಕಟ್ಟಿಕೊಂಡ. ಹೆಂಡತಿ ಜಿಜಾಬಾಯಿಯ ಮುಂದೆಯೂ ನಿಜವಾದದ್ದನ್ನು ಹಾಡುತ್ತಿರಲಿಲ್ಲ. ಅವಳು ಸಾಯಗಾಂವದ ಮಗಳು, ಅವಳ ಅಣ್ಣಂದಿರು ಅಲ್ಲಿ ಭಜನೆ ಕಟ್ಟಿಕೊಂಡು ಹೆಸರು ಮಾಡಿದವರು. ನಾಗಪಂಚಮಿಗೆ ತವರಿಗೆ ಹೋದಾಗ ಅವಳು ಅಲ್ಲಿ ಗುನುಗಿದರೆ ಗತಿ ಏನು? ಮೊದಮೊದಲು ಕಾಳಿನ ಕೋಣೆಯಲ್ಲಿ ಒಬ್ಬನೇ ಕದ ಹಾಕಿಕೊಂಡು ನಿಜವಾದದ್ದನ್ನು ಹಾಡಿಕೊಳ್ಳುತ್ತಿದ್ದ. ಒಂದು ದಿನ ಗೋಡೆಯಾಚೆ ಯಾರೋ ಕೆಮ್ಮಿದಂತಾಯಿತು, ಅದನ್ನೂ ಬಿಟ್ಟ.

ತನ್ನ ನಂತರಕ್ಕೆಂದು ಅವನು ಆರಿಸಿಕೊಂಡಿದ್ದು ಅಣ್ಣನ ಮಗನನ್ನು. ಆ ಹುಡುಗ ಊರೂರು ಖಾಲಿ ಮಾಡಿದ ಜ್ವರದ ವರ್ಷ ತೀರಿಕೊಂಡ. ಬಕ್ಕಪ್ಪನಿಗೆ ಸ್ವಂತ ಮಕ್ಕಳಿಲ್ಲ. ಹತ್ತು ವರ್ಷ ಹೀಗೇ ಕಳೆದು, ಕಚೇರಿ ಲೆಕ್ಕದ ಫಸಲಿ ವರ್ಷ ೧೩೩೮ರಲ್ಲಿ ಅವನ ಗಂಟಲು ಕಟ್ಟತೊಡಗಿತು. ಬೀದರಿಗೆ ಹೋಗಿ ಹಕೀಮರಿಗೆ ತೋರಿಸಿದ. ಅವರು ಬಾಯಿ ತೆರೆಸಿ ನೋಡಿ, ಮಾತಿಗೇನೂ ತೊಂದರೆಯಿಲ್ಲ, ಹಾಡುವುದು ಮಾತ್ರ ಇನ್ನೊಂದು ಮಳೆಗಾಲ ನಡೆದರೆ ಹೆಚ್ಚು ಎಂದರು. ಬಕ್ಕಪ್ಪ ಲೆಕ್ಕ ಹಾಕಿದ. ಹಾಡನ್ನು ಯಾರಿಗೂ ಕೊಡದಿದ್ದರೆ ಅದು ತನ್ನ ಜೊತೆಗೇ ಮಣ್ಣು ಸೇರುತ್ತದೆ. ಕೊಡೋಣವೆಂದರೆ ನಂಬುವಂಥವರು ಒಬ್ಬರೂ ಇಲ್ಲ.

ಹಕೀಮರ ಮನೆಯಿಂದ ಹೊರಬಿದ್ದು ಚೌಬಾರದ ಗೋಪುರದ ಹತ್ತಿರ ಬರುತ್ತಿದ್ದಾಗ ಒಂದು ಮಾಳಿಗೆಯಿಂದ ಸ್ವರ ಹೇಳುವ ದನಿ ಕೇಳಿತು. ಅದು ಏಕನಾಥ ಮಾಸ್ತರರ ವರ್ಗ. ಮಾಸ್ತರರು ಪುಣೆಯ ಒಂದು ಗಾಯನ ವಿದ್ಯಾಲಯದಲ್ಲಿ ಆರು ವರ್ಷ ಕಲಿತು ಬಂದು, ಅಲ್ಲಿನ ಮೇಲಿನ ಪರೀಕ್ಷೆಗೆ ಕೂರುವವರನ್ನು ಇಲ್ಲಿ ತಯಾರು ಮಾಡುತ್ತಿದ್ದರು. ಆ ಪರೀಕ್ಷೆಯಲ್ಲಿ ಎರಡು ಕಠಿಣ ಭಾಗ. ಎಂದೂ ಕೇಳದ ಹಾಡನ್ನು ಕಾಗದ ನೋಡಿ ಹಾಡಬೇಕು. ಎಂದೂ ನೋಡದ ಹಾಡನ್ನು ಕಿವಿಯಿಂದ ಕೇಳಿ ಕಾಗದಕ್ಕಿಳಿಸಬೇಕು.

ಬಕ್ಕಪ್ಪ ಮೆಟ್ಟಿಲ ಮೇಲೆ ಕೂತು ನೋಡಿದ. ಮಾಸ್ತರರು ಒಂದು ಪರದೆಯ ಹಿಂದೆ ಹಾರ್ಮೋನಿಯಂ ಇಟ್ಟುಕೊಂಡಿದ್ದರು, ಬೆರಳು ಯಾರಿಗೂ ಕಾಣದಂತೆ. ಮೊದಲು ಷಡ್ಜ ಒಂದನ್ನು ಕೊಟ್ಟರು. ಆಮೇಲೆ ಒಂದು ಸಾಲನ್ನು ಮೂರು ಸಲ ನುಡಿಸಿದರು. ಮೊದಲ ಸಲ ಯಾರೂ ಪೆನ್ಸಿಲ್ ಮುಟ್ಟಲಿಲ್ಲ, ಮೊಣಕಾಲ ಮೇಲೆ ಬೆರಳಿಂದ ತಾಳದ ಮಾತ್ರೆ ಎಣಿಸಿದರು. ಎರಡನೆಯ ಸಲಕ್ಕೆ ಬರೆದರು. ಮೂರನೆಯ ಸಲಕ್ಕೆ ತಿದ್ದಿದರು. ಒಬ್ಬ ವಿದ್ಯಾರ್ಥಿ ಬರೆದದ್ದನ್ನು ನೋಡಿ ಮಾಸ್ತರರು ರೇಗಿದರು. ರಾಗಕ್ಕೆ ಚೆಂದ ಕಾಣುತ್ತದೆಂದು ಅವನು ಒಂದು ಸ್ವರ ತಾನೇ ಸೇರಿಸಿದ್ದನಂತೆ.

"ಕಿವಿ ಬಯಸಿದ್ದು ಬರೀಬ್ಯಾಡ. ಕಿವಿಗಿ ಬಿದ್ದದ್ದು ಬರಿ" ಎಂದರು.

ಆಮೇಲೆ ಪೆಟ್ಟಿಗೆಯಿಂದ ಒಂದು ಕಾಗದ ತೆಗೆದು ಇನ್ನೊಬ್ಬನಿಗೆ ಕೊಟ್ಟರು. ಅವನು ಅರೆಗಳಿಗೆ ಅದನ್ನು ದಿಟ್ಟಿಸಿ ಸರಾಗವಾಗಿ ಹಾಡಿಬಿಟ್ಟ. ಬಕ್ಕಪ್ಪನಿಗೆ ನಗು ಬಂತು. ಎಲಾ ಇವರ! ನಿನ್ನೆ ರಾತ್ರಿ ಮನೆಯಲ್ಲಿ ಕೂಡಿಸಿ ಬಾಯಿಪಾಠ ಮಾಡಿಸಿ ಇವತ್ತು ಇಲ್ಲಿ ನಾಟಕ ಆಡಿಸುತ್ತಿದ್ದಾರೆ! ಆದರೂ ಮನಸ್ಸು ಅಲ್ಲಿಂದ ಕದಲಲಿಲ್ಲ. ಅದು ಒಂದು ವೇಳೆ ಖರೆಯೇ ಆಗಿದ್ದರೆ? ಮನುಷ್ಯನಾದರೆ ಊರೂರು ಬಾಯಿಬಿಡುತ್ತಾನೆ, ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಹುದು.

ಔಷಧದ ನೆಪ ಮಾಡಿಕೊಂಡು ಅವನು ಮೂರು ಸಲ ಬೀದರಿಗೆ ಬಂದ. ಪರದೆಯ ಕೆಳಗೆ ಬಗ್ಗಿ ನೋಡಿದ. ಮಾಸ್ತರರು ಆಗಾಗ ಕೆಮ್ಮುತ್ತಿದ್ದರು. ಒಂದು ಕೆಮ್ಮಿದರೆ ಕೆಳಗಿನ ಸ್ವರ, ಎರಡು ಕೆಮ್ಮಿದರೆ ಮೇಲಿನದು ಎಂಬ ಸನ್ನೆ ಇರಬೇಕೆಂದು ಎರಡು ದಿನ ಕೆಮ್ಮನ್ನೇ ಎಣಿಸಿದ. ಪಾಪ, ಮಾಸ್ತರರಿಗೆ ನೆಗಡಿಯಾಗಿತ್ತು. ಕೊನೆಗೆ ತಡೆಯಲಾರದೆ ಅವರೆದುರು ಕೂತು ಬಿಚ್ಚಿ ಹೇಳಿದ. ತಾನೊಂದು ಧಾಟಿ ಹಾಡುತ್ತೇನೆ, ನೀವು ಬರೆಯಿರಿ, ಅದನ್ನು ಕಾಗದ ನೋಡಿ ಬೇರೆ ಯಾರಾದರೂ ಹಾಡಲಿ. ಆದರೆ ಈ ಕೋಣೆಯವರು ಬೇಡ, ಈ ಊರಿನವರೂ ಬೇಡ.

ಏಕನಾಥ ಮಾಸ್ತರರು ಸಿಟ್ಟಾಗಲಿಲ್ಲ. ಔರಾದದಲ್ಲಿ ಕಾವೇರಿಬಾಯಿ ಎಂಬುವವಳಿದ್ದಾಳೆ, ತಹಸೀಲ ಕಚೇರಿಯ ಗುಮಾಸ್ತನ ಹೆಂಡತಿ, ಗಂಡನಿಗೆ ವರ್ಗವಾಗುವ ತನಕ ನಾಲ್ಕು ವರ್ಷ ಇಲ್ಲೇ ಕಲಿತವಳು, ಈ ಸಲ ಪರೀಕ್ಷೆಗೆ ಕೂರುವವಳು, ಅವಳಲ್ಲಿಗೆ ಒಯ್ಯಿರಿ ಎಂದರು. ಬಕ್ಕಪ್ಪ ಕರಾರುಗಳನ್ನು ಹೇಳಿದ. ಹಾಡಿನ ಮಾತು ಬರೆಯುವಂತಿಲ್ಲ, ಬರೀ ಸ್ವರ. ನಕಲು ಇಟ್ಟುಕೊಳ್ಳುವಂತಿಲ್ಲ. ತಾನು ಔರಾದ ಮುಟ್ಟುವ ಮುಂಚೆ ಅಲ್ಲಿಗೆ ಟಪಾಲು ಹೋಗುವಂತಿಲ್ಲ. ಮಾಸ್ತರರು ಎಲ್ಲಕ್ಕೂ ಹೂಂ ಅಂದರು. ಒಂದಕ್ಕೆ ಮಾತ್ರ ತಡೆದರು. ಅವರ ಪ್ರತಿ ಕಾಗದದ ತಲೆಯ ಮೇಲೆ ಯಾರ ಬಾಯಿಂದ ಕೇಳಿದ್ದು, ಯಾವ ಊರು ಎಂದು ಬರೆಯಲು ಎರಡು ಖಾನೆ ಇರುತ್ತಿದ್ದವು.

"ಹೆಸರು ಬ್ಯಾಡ್ರಿ, ಊರೂ ಬ್ಯಾಡ. ಖಾಲಿ ಬಿಡ್ರಿ" ಎಂದ ಬಕ್ಕಪ್ಪ.

ಹಾಡಿದ. ಮಾತಿಲ್ಲದೆ, 'ಆ' ಎಂದು ಬರೀ ಆಕಾರದಲ್ಲಿ, ಮೂರು ಸಲ. ಮೂರನೆಯ ಸಾಲಿನ ತಿರುವಿನಲ್ಲಿ ಮೂರೂ ಸಲ ಕಳ್ಳಹೆಜ್ಜೆಯನ್ನೇ ಇಟ್ಟ. ಅಲ್ಲಿ ಮಾಸ್ತರರ ಪೆನ್ಸಿಲ್ ಕ್ಷಣ ನಿಂತು, ಅವರು ಕಣ್ಣೆತ್ತಿ ಬಕ್ಕಪ್ಪನ ಮುಖ ನೋಡಿ, ಮತ್ತೆ ಬರೆದರು.

ಬಕ್ಕಪ್ಪ ಕಾಗದವನ್ನು ಮಡಚಿ ರುಮಾಲಿನೊಳಗೆ ಸುತ್ತಿಕೊಂಡು ಆ ಗಳಿಗೆಯಲ್ಲೇ ಹೊರಟ. ಮಾಂಜ್ರಾ ಹೊಳೆ ದಾಟುವಾಗ ಜನರೆಲ್ಲ ಧೋತರ ಎತ್ತಿ ಹಿಡಿದರೆ ಇವನು ಎರಡೂ ಕೈಯಿಂದ ರುಮಾಲು ಹಿಡಿದುಕೊಂಡು ಮೊಣಕಾಲ ತನಕ ನೆನೆದ. ಸಂತಪುರದಲ್ಲಿ ತಂಗಿದ್ದ ಛತ್ರದಲ್ಲಿ ಹತ್ತಿ ವ್ಯಾಪಾರಿಯೊಬ್ಬ ಎಲೆಯಡಿಕೆ ಕೊಟ್ಟು, ಯಾವ ಕಡೆ ಪ್ರಯಾಣ ಎಂದು ಕೇಳಿದ. ಇವನು ಮಾಸ್ತರರ ಕಡೆಯವನೇ ಸರಿ ಎಂದು ಬಕ್ಕಪ್ಪನ ಕಿವಿ ನಿಮಿರಿದವು. ಡಾಬಕಾಕ್ಕೆ, ಬೀಗರ ಮನೆಗೆ ಎಂದು ಸುಳ್ಳು ಬಿಟ್ಟ. ವ್ಯಾಪಾರಿ ಡಾಬಕಾದವನೇ! ಯಾರ ಮನೆ ಎಂದು ಕೇಳಿದ. ಬಕ್ಕಪ್ಪ ಒಂದು ಹೆಸರು ಕಟ್ಟಿ ಹೇಳಿದ. ಅಂಥವರು ನಮ್ಮೂರಲ್ಲಿ ಇಲ್ಲವೇ ಇಲ್ಲವಲ್ಲ ಎಂದ ವ್ಯಾಪಾರಿ, ತನ್ನ ಗಂಟನ್ನು ಮೆಲ್ಲಗೆ ಆ ಕಡೆ ಮಗ್ಗುಲಿಗೆ ಸರಿಸಿಕೊಂಡು ಮಲಗಿದ. ಜೀವಮಾನದಲ್ಲಿ ಮೊದಲ ಸಲ ಬಕ್ಕಪ್ಪನ ಮೇಲೆಯೇ ಒಬ್ಬರು ಅನುಮಾನ ಪಟ್ಟಿದ್ದರು. ಅವನಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ.

ಔರಾದದಲ್ಲಿ ಕಾವೇರಿಬಾಯಿ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಗುರುತಿಲ್ಲದ ಗಂಡಸು ಬಂದು ಸೊಸೆಯನ್ನು ಹಾಡು ಎಂದರೆ ಯಾವ ಅತ್ತೆ ಸುಮ್ಮನಿರುತ್ತಾಳೆ? ಆ ಮುದುಕಿ ಜಪಮಣಿ ಹಿಡಿದು ಬಾಗಿಲಲ್ಲೇ ಕೂತು ಇವನನ್ನು ನೆತ್ತಿಯಿಂದ ಕಾಲಿನವರೆಗೆ ಅಳೆದಳು. ಮಾಸ್ತರರ ಕೈಬರಹ ನೋಡಿದ ಮೇಲೆ ಸೊಸೆಗೆ ಹೂಂ ಎಂದು ತಲೆಯಾಡಿಸಿದಳು.

ಕಾವೇರಿಬಾಯಿ ಸೆರಗಿನಿಂದ ಕೈ ಒರೆಸಿಕೊಂಡು ಕಾಗದವನ್ನು ತೊಡೆಯ ಮೇಲೆ ಹರಡಿದಳು. ಮೇಲಿಂದ ಕೆಳಗೆ ಒಮ್ಮೆ ಕಣ್ಣಲ್ಲೇ ಓದಿದಳು. ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಅವಳ ಗದ್ದ ಮೇಲೆ ಕೆಳಗೆ ಆಡುತ್ತಿತ್ತು. ಎಡಗೈಯಿಂದ ಎಂಟು ಮಾತ್ರೆ ಬಡಿದು ನಡೆ ಹಿಡಿದಳು. ಗಂಟಲಲ್ಲೇ ಒಂದು ಷಡ್ಜ ಹಿಡಿದು ನಿಂತು, ಮೊದಲು ಸ್ವರದ ಹೆಸರಿನಲ್ಲಿ, ಆಮೇಲೆ ಆಕಾರದಲ್ಲಿ ಹಾಡಿದಳು.

ಬಕ್ಕಪ್ಪ ಕೂತಲ್ಲೇ ಮುಂದಕ್ಕೆ ಬಾಗಿದ. ತನ್ನ ತಂದೆ ಹೊಸ್ತಿಲಲ್ಲಿ ನಿಂತು ಹಾಡಿದ್ದು, ಭಾಲ್ಕಿಯನ್ನು ಕಂಡೂ ಇರದ ಈ ಹೆಣ್ಣುಮಗಳ ಬಾಯಲ್ಲಿ ಬರುತ್ತಿದೆ. ಮೊದಲ ಸಾಲು ಅದೇ, ಎರಡನೆಯದೂ ಅದೇ. ಮೂರನೆಯ ಸಾಲಿನ ತಿರುವು ಬಂತು. ಅವನು ಇಟ್ಟ ಕಳ್ಳಹೆಜ್ಜೆಯನ್ನು ಅವಳು ಅವನಂತೆಯೇ ಇಟ್ಟು ಮುಂದೆ ಹೋದಳು. ಮೊದಲೇ ಯಾರೋ ಬಾಯಿಪಾಠ ಮಾಡಿಸಿದ್ದರೆ ಅವನು ಅವತ್ತು ಆರಿಸಿದ ಈ ಹೆಜ್ಜೆ ಬರುವ ಮಾತೇ ಅಲ್ಲ. ಆದರೂ ಅವನ ಹಳೆಯ ಚಾಳಿ ಬಿಡಲಿಲ್ಲ, ತಳ ತಟ್ಟಿ ನೋಡಿದ. ಅಲ್ಲಿ ಇನ್ನೊಂದು ಸ್ವರ ಇರಬೇಕಲ್ಲವೇ, ನೀವು ಬಿಟ್ಟಿರಿ ಎಂದ.

"ಇಲ್ಲ ಕಾಕಾ, ಕಾಗದದಾಗ ಇಲ್ಲ. ಇಲ್ಲದ್ದು ನಾ ಹ್ಯಾಂಗ ಹಾಡ್ಲಿ?" ಎಂದಳು ಅವಳು. ಆಮೇಲೆ ಕಾಗದವನ್ನು ಅವನ ಕಡೆ ತಿರುಗಿಸಿ ಆ ತಿರುವಿನ ಮೇಲಿದ್ದ ಪುಟ್ಟ ಸೊನ್ನೆಯನ್ನು ಬೆರಳಿಂದ ತೋರಿಸಿದಳು. "ಮಾಸ್ತರು ಇಲ್ಲಿ ಗುಂಡಿ ಹಾಕ್ಯಾರ ನೋಡ್ರಿ. ಹಾಡಿದವ್ರು ಇಲ್ಲಿ ಏನೋ ಮುಚ್ಚಿಟ್ಟಾರ ಅಂತ ಅನುಮಾನ ಬಂದ್ರ ಹಿಂಗ ಗುಂಡಿ ಹಾಕ್ತಾರ. ಆದ್ರೂ ಕಿವಿಗಿ ಬಿದ್ದದ್ದಷ್ಟೇ ಬರೀತಾರ, ತಮ್ಮದೇನೂ ಸೇರಸಂಗಿಲ್ಲ."

ಬಕ್ಕಪ್ಪನಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕಳ್ಳನನ್ನು ಹಿಡಿಯಲು ಇಷ್ಟು ದೂರ ನಡೆದು ಬಂದು ತಾನೇ ಸಿಕ್ಕಿಬಿದ್ದಿದ್ದ. ಮಾಸ್ತರರಿಗೆ ಅವತ್ತೇ ಎಲ್ಲ ಗೊತ್ತಾಗಿತ್ತು, ಗೊತ್ತಾಗಿಯೂ ಅವನ ಸುಳ್ಳನ್ನು ಒಂದು ಮಾತ್ರೆಯೂ ಆಚೀಚೆ ಆಗದಂತೆ ಬರೆದುಕೊಟ್ಟಿದ್ದರು. ಇಷ್ಟು ಪ್ರಾಮಾಣಿಕವಾದ ಮಾಪನ್ನು ಅವನು ಪೇಟೆಯಲ್ಲಿ ಎಂದೂ ಕಂಡಿರಲಿಲ್ಲ. ಕಾವೇರಿಬಾಯಿಗೆ ಕೈಮುಗಿದು, ಪರೀಕ್ಷೆಯಲ್ಲಿ ನಿಮಗೆ ಒಳ್ಳೆಯದಾಗಲಿ ತಾಯಿ ಎಂದು ಹೇಳಿ ಹೊರಟ. ತಿರುಗಿ ಬರುವಾಗ ಬೀದರಿನಲ್ಲಿ ಮಾಸ್ತರರನ್ನು ಕಂಡು, ಸೋಮವಾರ ಭಾಲ್ಕಿಗೆ ಬನ್ನಿ, ಈ ಸಲ ಖರೆಯದ್ದನ್ನು ಹಾಡುತ್ತೇನೆ ಎಂದು ಮಾತು ಕೊಟ್ಟ.

ಭಾಲ್ಕಿಯ ದಾರಿಯಲ್ಲಿ ಅದನ್ನೊಮ್ಮೆ ಹಾಡಿ ನೋಡಿಕೊಳ್ಳೋಣ ಅನ್ನಿಸಿತು. ದೂರದ ದಿನ್ನೆಯ ಮೇಲೆ ಒಬ್ಬ ಕುರಿಗಾರ ನಿಂತಿದ್ದ. ಬೇಡವೆಂದು ಬಾಯಿ ಮುಚ್ಚಿಕೊಂಡು ನಡೆದ.

ಸೋಮವಾರ ಮಾಸ್ತರರು ಬಂದರು. ಬಕ್ಕಪ್ಪ ತಲೆಬಾಗಿಲು ಹಾಕಿದ, ಬೆಳಕಿಂಡಿಗೆ ಗೋಣಿತಾಟು ತುರುಕಿದ. ಅಡುಗೆಮನೆಗೆ ಮಾತ್ರ ಬಾಗಿಲಿರಲಿಲ್ಲ. ಅಲ್ಲಿ ಜಿಜಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಇರಲಿ, ಇವತ್ತು ಎಲ್ಲರೂ ಕೇಳಲಿ ಎಂದು ಗಟ್ಟಿ ಮನಸ್ಸು ಮಾಡಿ ಶುರು ಮಾಡಿದ.

ಎರಡು ಸಾಲು ಬಂದವು. ಮೂರನೆಯ ಸಾಲಿನ ತಿರುವಿನಲ್ಲಿ ಅವನು ನಿಂತುಬಿಟ್ಟ. ಅದಲ್ಲ ಎಂದ. ಮತ್ತೆ ಹಾಡಿದ. ಅದೂ ಅಲ್ಲ, ಅದು ಉದಗೀರದವರದ್ದು. ಮತ್ತೊಮ್ಮೆ ಹಾಡಿದ. ಅದು ಮಠದ್ದು. ಹೀಗೆ ನಾಲ್ಕು ಸಲವಾಯಿತು. ಮಾಸ್ತರರು ನಾಲ್ಕನ್ನೂ ಒಂದರ ಕೆಳಗೊಂದು ಬರೆದು ಅವನ ಮುಂದೆ ಹಾಡಿ ತೋರಿಸಿ, ಇವುಗಳಲ್ಲಿ ಯಾವುದು ಎಂದು ಕೇಳಿದರು. ಬಕ್ಕಪ್ಪ ಕಣ್ಣು ಮುಚ್ಚಿ ತಂದೆಯ ಮುಖ ನೆನೆದ. ಮುಖ ಬಂತು, ತುಟಿ ಆಡಿದ್ದೂ ಕಂಡಿತು, ಸ್ವರ ಮಾತ್ರ ಬರಲಿಲ್ಲ. ಪರರು ಕದಿಯಬಾರದೆಂದು ಮೂವತ್ತು ವರ್ಷ ಕಾಯ್ದ ಹಾಡನ್ನು ತಾನೇ ಕಳೆದುಕೊಂಡು ಕೂತಿದ್ದ. ಈ ಪರಿ ದುಃಖ ಅವನಿಗೆ ಅಣ್ಣನ ಮಗ ಸತ್ತಾಗಲೂ ಆಗಿರಲಿಲ್ಲ.

"ನಂಗ ಗೊತ್ತಿಲ್ರಿ ಮಾಸ್ತರ" ಎಂದ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಹಿಟ್ಟಿನ ಕೈಯಲ್ಲೇ ಜಿಜಾಬಾಯಿ ಹೊಸ್ತಿಲಿಗೆ ಬಂದು ನಿಂತಳು. ಪರರ ಮುಂದೆ ಎಂದೂ ಹೀಗೆ ಬಂದು ನಿಂತವಳಲ್ಲ.

"ಅದು ಆ ನಾಲ್ಕರಾಗೂ ಇಲ್ರಿ" ಎಂದಳು.

ನಿನಗೆ ಹೇಗೆ ಗೊತ್ತು ಎಂದು ಬಕ್ಕಪ್ಪ ಸಿಡುಕಿದ. ಅವಳು ಹೆದರಲಿಲ್ಲ.

"ನಾ ಲಗ್ನ ಆಗಿ ಬಂದ ವರ್ಷ, ನಸುಕಿನಾಗ ಬೀಸ್ಲಾಕ ಕುಂತ್ರ ಮಾವನವ್ರು ಬೀಸುಕಲ್ಲಿನ ಹತ್ರ ಬಂದು ಕುಂತು ಹಾಡ್ತಿದ್ರು. ಹೊಸ ಸೊಸಿಗಿ ತವರು ನೆನಪಾಗ್ಬಾರ್ದು ಅಂತ. ಎರಡು ವರ್ಷ ದಿನಾ ಕೇಳೀನಿ. ಆಮ್ಯಾಲ ನೀವು ಹಾಡ್ಲಾಕ ಹತ್ತಿದ್ರಿ. ಮೂವತ್ತು ವರ್ಷ ಆಯ್ತು, ನನ್ನ ಮುಂದ ಒಮ್ಮಿನೂ ಖರೆ ಹಾಡಿಲ್ರಿ ನೀವು. ಗೊತ್ತಾಗ್ತಿತ್ತು. ಕೇಳಲಿಲ್ಲ."

ಮಾಸ್ತರರು ಹೊಸ ಕಾಗದ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು, ಹಾಡ್ರಿ ತಾಯಿ ಎಂದರು. ಜಿಜಾಬಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡು, ಕಣ್ಣು ನೆಲಕ್ಕಿಟ್ಟು ಹಾಡಿದಳು. ತರಬೇತಿಯಿಲ್ಲದ ದನಿ. ಬೀಸುಕಲ್ಲು ಸುತ್ತುವ ನಡೆಯಲ್ಲೇ ಅವಳು ಅದನ್ನು ನೆನಪಿಟ್ಟಿದ್ದಳು, ಭುಜ ಕೂಡ ಹಾಗೆಯೇ ತೂಗುತ್ತಿತ್ತು. ಮೂರನೆಯ ಸಾಲಿನ ತಿರುವಿನಲ್ಲಿ ದನಿ ಕೆಳಗಿಳಿದು, ಕೋಮಲ ರಿಷಭದ ಮೇಲೆ ಒಂದು ಮಾತ್ರೆ ತಡೆದು, ಆಮೇಲೆ ಮೆಲ್ಲಗೆ ಷಡ್ಜಕ್ಕೆ ಬಂದು ಕೂತಿತು. ಮೂರು ಸಲ ಹಾಡಿದಳು, ಮೂರೂ ಸಲ ಅದೇ.

ಬಕ್ಕಪ್ಪ ಕಿವಿಗೊಟ್ಟು ಕೇಳಿದ. ಇದೇ ಎಂದು ಒಳಗಿನಿಂದ ಯಾರೂ ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಅವಳ ಅಣ್ಣಂದಿರು ನೆನಪಾದರು. ಸಾಯಗಾಂವದ ಯಾವುದೋ ಧಾಟಿಯ ತುಣುಕು ಇದರೊಳಗೆ ನುಸುಳಿದ್ದರೆ? ಮೂವತ್ತು ವರ್ಷದಲ್ಲಿ ಅವಳಿಗೂ ಮರೆತಿದ್ದರೆ? ತಟ್ಟಿ ನೋಡೋಣವೆಂದರೆ ಇದಕ್ಕೆ ತಳವೇ ಇಲ್ಲ, ಸಾಕ್ಷಿ ಹೇಳುವ ತಂದೆ ಎಂದೋ ಹೋಗಿದ್ದಾನೆ.

ಮಾಸ್ತರರು ಬರೆದು ಮುಗಿಸಿ, ಪೆನ್ಸಿಲನ್ನು ಆ ತಿರುವಿನ ಮೇಲೆ ಹಿಡಿದು ಅವನ ಮುಖ ನೋಡಿದರು.

"ಬಕ್ಕಪ್ಪನವರ, ಇಲ್ಲಿ ಗುಂಡಿ ಹಾಕ್ಲೇನ್ರಿ?"

ಜಿಜಾಬಾಯಿ ನೆಲದಿಂದ ಕಣ್ಣೆತ್ತಲಿಲ್ಲ. ಅವಳ ಕೈಯ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ಬಕ್ಕಪ್ಪ ಆ ಕೈಗಳನ್ನು ತುಸು ಹೊತ್ತು ನೋಡಿದ.

"ಬ್ಯಾಡ್ರಿ" ಎಂದ.

ಮಾಸ್ತರರು ಕಾಗದದ ತಲೆಗೆ ಹೋಗಿ, ಯಾರ ಬಾಯಿಂದ ಎಂಬ ಖಾನೆಯಲ್ಲಿ ಜಿಜಾಬಾಯಿ ಎಂದು ತುಂಬಿದರು. ಊರು ಯಾವುದೆಂದು ಅವಳನ್ನೇ ಕೇಳಿದರು. ಮೂವತ್ತು ವರ್ಷ ಆ ಮನೆಯಲ್ಲಿ ಏನು ತಪ್ಪಾದರೂ ಸಾಯಗಾಂವದಾಕಿ ಎಂದು ಅನ್ನಿಸಿಕೊಂಡಿದ್ದ ಅವಳು ಆ ಹೆಸರನ್ನೇ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಕ್ಕಪ್ಪ ಎದ್ದು, ಬೆಳಕಿಂಡಿಗೆ ತುರುಕಿದ್ದ ಗೋಣಿತಾಟನ್ನು ಎಳೆದು ಹಾಕುತ್ತ ಹೇಳಿದ.

"ಭಾಲ್ಕಿ ಅಂತ ಬರೀರಿ ಮಾಸ್ತರ. ಆಕಿ ನಮ್ಮ ಮನಿಯಾಕಿ."